ದುಂಡು ಮುಖಕ್ಕೆ ಕತ್ತರಿ ಎಲ್ಲಿ ನಿಲ್ಲಬೇಕು, ಬಣ್ಣ ಎಲ್ಲಿ ಶುರುವಾಗಬೇಕು

ಮೊದಲು ಹೂ ಕಟ್ಟುವ ದಾರ ಒಂದು ಮೊಳ ತಗೊಳ್ಳಿ. ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿ ಕನ್ನಡಿ ಮುಂದೆ ನಿಂತು, ಹಣೆಯ ಮೇಲೆ ಕೂದಲು ಶುರುವಾಗುವ ಕಡೆಯಿಂದ ಗದ್ದದ ತುದಿವರೆಗೆ ಒಂದು ಅಳತೆ, ಒಂದು ಕೆನ್ನೆಮೂಳೆಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಮತ್ತೊಂದು ಅಳತೆ. ದಾರವನ್ನು ಮೂಗಿನ ಮೇಲೆ ಹತ್ತಿಸಿ ಇಳಿಸಬೇಡಿ, ಗಾಳಿಯಲ್ಲಿ ನೇರ ಹಿಡಿಯಿರಿ. ಎರಡೂ ಹೆಚ್ಚುಕಮ್ಮಿ ಸಮ ಬಂದು, ದವಡೆಯ ಮೂಲೆ ನುಣ್ಣಗೆ ಜಾರಿಹೋದಂತಿದ್ದರೆ ಮುಖ ದುಂಡು. ಸಮ ಬಂದರೂ ದವಡೆಯ ಮೂಲೆ ಎದ್ದು ಕಂಡರೆ ಅದು ಚೌಕ. ಉದ್ದದ ಅಳತೆ ಎದ್ದು ಕಾಣುವಷ್ಟು ಹೆಚ್ಚಿದ್ದರೆ ನಿಮ್ಮದು ಕೆನ್ನೆ ತುಂಬಿಕೊಂಡಿರುವ ಕೋಲುಮುಖ. ಆಗ ಕೆಳಗಿನ ಕಟ್ಟುಪಾಡುಗಳಲ್ಲಿ ಅರ್ಧದಷ್ಟು ನಿಮಗೆ ಬೇಕಾಗಿಲ್ಲ. ಸೆಲ್ಫಿ ನೋಡಿ ಮಾತ್ರ ತೀರ್ಮಾನಿಸಬೇಡಿ. ಕೈಯಳತೆ ದೂರದ ಕ್ಯಾಮೆರಾದಲ್ಲಿ ಮೂಗು ಹಿಗ್ಗುತ್ತೆ, ಕಿವಿ ಹಿಂದೆ ಸರಿಯುತ್ತೆ. ಇನ್ನೊಬ್ಬರ ಕೈಲಿ ಎರಡು ಮೀಟರ್ ದೂರದಿಂದ ಫೋಟೋ ತೆಗೆಸಿ.

ಕೂದಲಿನ ಅಂಚು ಎಲ್ಲಿ ಮುಗಿಯುತ್ತೋ ನೋಡುವವರ ಕಣ್ಣು ಅಲ್ಲಿ ಅಡ್ಡಗೆರೆ ಎಳೆಯುತ್ತೆ. ದುಂಡು ಮುಖ ಅತಿ ಅಗಲ ಇರೋದು ಕಣ್ಣಿನ ಕೆಳಗಿನಿಂದ ಕಿವಿಯ ಹಾಲೆಯವರೆಗಿನ ಪಟ್ಟಿಯಲ್ಲಿ. ಅಲ್ಲಿಂದ ಗದ್ದದವರೆಗೆ ಎಲ್ಲೇ ಕತ್ತರಿಸಿ ನಿಲ್ಲಿಸಿದರೂ ಕೆನ್ನೆಗೆ ಕೆಳಗಿನಿಂದ ಅಡಿಗೆರೆ ಹಾಕಿದ ಹಾಗೆ. ಗದ್ದದ ಮಟ್ಟಕ್ಕೆ ಸಮವಾಗಿ ಕತ್ತರಿಸಿದ ಬಾಬ್ ಹೆಚ್ಚಿನವರಿಗೆ ಹೊಂದದಿರೋದು ಇದಕ್ಕೇ. ಅದೇ ಬಾಬ್ ಗದ್ದದಿಂದ 4-5 ಸೆಂಟಿಮೀಟರ್ ಕೆಳಗಿಳಿದು, ಹಿಂಭಾಗಕ್ಕಿಂತ ಮುಂಭಾಗ 3 ಸೆಂಟಿಮೀಟರ್ ಉದ್ದ ಇದ್ದರೆ ನೋಟ ಕೆಳಮುಖವಾಗಿ ಹರಿದು ಮುಖ ಉದ್ದ ಕಾಣುತ್ತೆ. ಸರಿಯಾಗಿ ಭುಜಕ್ಕೆ ತಾಗುವ ಉದ್ದ ಬೇಡ. ತುದಿ ಭುಜಕ್ಕೆ ಬಡಿದು ಹೊರಕ್ಕೆ ಮಡಚಿಕೊಳ್ಳುತ್ತೆ, ದಿನಾ ಡ್ರೈಯರ್ ಹಿಡಿದು ಒಳಕ್ಕೆ ತಿರುಗಿಸುತ್ತಾ ಕೂರಬೇಕು. ಭುಜದಿಂದ ಎರಡು ಬೆರಳು ಮೇಲೆ ನಿಲ್ಲಿಸಿ, ಇಲ್ಲವೇ ಕತ್ತಿನ ಮೂಳೆ, ಅಂದರೆ ಕುತ್ತಿಗೆಯ ಬುಡದಲ್ಲಿ ಮುಂದೆ ಕಾಣುವ ಅಡ್ಡಮೂಳೆ, ದಾಟಿಸಿ.

ಲೇಯರ್, ಅಂದರೆ ಮೇಲಿನ ಎಳೆ ಗಿಡ್ಡ, ಕೆಳಗಿನದು ಉದ್ದ ಬರುವಂತೆ ಹಂತಹಂತವಾಗಿ ಕತ್ತರಿಸೋದು, ದುಂಡು ಮುಖಕ್ಕೆ ಒಪ್ಪುತ್ತೆ ಅನ್ನುವ ಮಾತು ಎಲ್ಲ ಪಾರ್ಲರ್‌ನಲ್ಲೂ ಕೇಳುತ್ತೆ. ಒಪ್ಪುತ್ತೆ, ಮೊದಲ ಲೇಯರ್ ಎಲ್ಲಿ ಶುರುವಾಯ್ತು ಅನ್ನೋದರ ಮೇಲೆ. ಅತಿ ಗಿಡ್ಡ ಎಳೆ ಕೆನ್ನೆ ಪಕ್ಕ ಬಂದು ನಿಂತರೆ ಅಗಲ ಇರುವಲ್ಲೇ ಇನ್ನಷ್ಟು ಅಗಲ ಸೇರಿಸಿದಿರಿ. ಗದ್ದದ ಕೆಳಗೆ ಶುರು ಮಾಡಿಸಿ. ಇಲ್ಲಿ ನಮ್ಮವರಿಗೆ ಇನ್ನೊಂದು ಲೆಕ್ಕ ಇದೆ: ದಿನಾ ಜಡೆ ಹಾಕುವವರಾದರೆ ಗದ್ದದ ಮಟ್ಟದ ಲೇಯರ್ ಜಡೆಯ ಹೆಣಿಗೆಯಿಂದ ಜಾರಿ ಕಿವಿ ಪಕ್ಕ ಮುಳ್ಳಿನಂತೆ ನಿಲ್ಲುತ್ತೆ. ಅಂಥವರು ಗಿಡ್ಡ ಎಳೆಯನ್ನೂ ಕತ್ತಿನ ಮೂಳೆಯವರೆಗೆ ಉಳಿಸಿಕೊಳ್ಳಬೇಕು.

ದಟ್ಟ ಕೂದಲಿದ್ದರೆ ಕೆನ್ನೆ ಪಕ್ಕ ಥಿನ್ನಿಂಗ್ ಕತ್ತರಿ (ಕೂದಲು ತೆಳು ಮಾಡುವ ಹಲ್ಲಿನ ಕತ್ತರಿ) ಆಡಿಸುವ ಅಭ್ಯಾಸವೂ ಇದೆ. ಆ ದಿನ ಹಗುರ ಅನಿಸುತ್ತೆ. ಒಂದು ತಿಂಗಳಲ್ಲಿ ಒಳಗಿನ ಮೋಟು ಕೂದಲು ಬೆಳೆದು ಮೇಲಿನದನ್ನು ಹೊರಕ್ಕೆ ತಳ್ಳುತ್ತೆ, ಕೆನ್ನೆ ಉಬ್ಬಿದಂತೆ ಕಾಣುತ್ತೆ. ತೆಳು ಮಾಡಿಸೋದಿದ್ದರೆ ತುದಿಯ 5-6 ಸೆಂಟಿಮೀಟರ್‌ನಲ್ಲಿ ಮಾತ್ರ.

ಗುಂಗುರು ಕೂದಲಿನವರು ಒದ್ದೆಯಾಗಿರುವಾಗ ಉದ್ದ ತೀರ್ಮಾನಿಸಲೇಬಾರದು. ಕಿವಿಯ ಮುಂದಿನ ಒಂದು ಸುರುಳಿ ಹಿಡಿದು ನೇರ ಎಳೆಯಿರಿ, ತುದಿ ಎಲ್ಲಿ ಬಂತು ನೋಡಿ, ಬಿಡಿ. ಅದು ಗದ್ದದ ಕೆಳಗಿನಿಂದ ಜಿಗಿದು ಕೆನ್ನೆಯ ನಡುವಿಗೆ ಬಂದು ಕೂರುತ್ತಲ್ಲ, ಆ ಅಂತರವೇ ನಿಮ್ಮ ಲೆಕ್ಕ. ಕೆಲವರಿಗೆ ಒಂದು ಇಂಚು, ಬಿಗಿ ಸುರುಳಿಯವರಿಗೆ ಮೂರು ಇಂಚೂ ಆದೀತು. ಬೇಕಾದ ಉದ್ದಕ್ಕೆ ಅಷ್ಟನ್ನು ಕೂಡಿಸಿ ಹೇಳಬೇಕು, ಅಥವಾ ಒಣ ಕೂದಲಲ್ಲೇ ಕತ್ತರಿಸುವವರನ್ನು ಹುಡುಕಬೇಕು.

ಹಣೆ ಮುಚ್ಚುವ ನೇರ ಫ್ರಿಂಜ್ ಮುಖದ ಉದ್ದದಲ್ಲಿ ಸುಮಾರು ಮೂರನೇ ಒಂದು ಪಾಲು ನುಂಗಿಬಿಡುತ್ತೆ. ಉಳಿಯೋದು ಬರೀ ಅಗಲ. ಬೇಕೇಬೇಕು ಅಂದರೆ ನಡುವೆ ಸೀಳಿ ಎರಡು ಪಕ್ಕಕ್ಕೆ ಇಳಿಯುವಂಥದ್ದು: ನಡುವಿನ ಎಳೆ ಮೂಗಿನ ಸೇತುವೆಯವರೆಗೆ, ಪಕ್ಕದ ಎಳೆಗಳು ಕೆನ್ನೆಮೂಳೆ ದಾಟಿ ದವಡೆವರೆಗೆ. ಹಣೆಯ ಅಂಚಲ್ಲಿ ಸುಳಿ ಇದ್ದವರಿಗೆ ಯಾವ ಫ್ರಿಂಜೂ ಹೇಳಿದ ಮಾತು ಕೇಳಲ್ಲ. ಮಂಗಳೂರು, ಉಡುಪಿ ಕಡೆಯ ಬೆವರಿಗೆ ಬೆಳಗ್ಗೆ ಹತ್ತಕ್ಕೇ ಅಂಟಿಕೊಳ್ಳುತ್ತೆ ಅನ್ನೋದೂ ನೆನಪಿರಲಿ.

ಬೈತಲೆ ಬದಲಿಸೋಕೆ ದುಡ್ಡು ಬೇಡ. ಎಣ್ಣೆ ಹಚ್ಚಿ ನಡುಬೈತಲೆ ತೆಗೆದು ಚಪ್ಪಟೆ ಬಾಚಿದರೆ ದುಂಡು ಮುಖ ಪೂರ್ತಿ ದುಂಡಾಗಿಯೇ ಕಾಣುತ್ತೆ. ಹುಬ್ಬಿನ ಕಮಾನು ಎಲ್ಲಿ ಏರುತ್ತೋ ಅದರ ನೇರಕ್ಕೆ ಓರೆ ಬೈತಲೆ ತೆಗೆಯಿರಿ, ನೆತ್ತಿಯಲ್ಲಿ ಒಂದೆರಡು ಸೆಂಟಿಮೀಟರ್ ಎತ್ತರ ಕೊಡಿ. ತಲೆ ಬಗ್ಗಿಸಿ ಬುಡ ಒಣಗಿಸಿದರೆ ಆ ಎತ್ತರ ತಾನಾಗಿ ಬರುತ್ತೆ. ಗಂಡಸರಿಗೂ ತತ್ವ ಇದೇ: ಪಕ್ಕಗಳಿಗೆ ಮೆಷಿನ್‌ನ ಎರಡನೇ ನಂಬರು, ಅಂದರೆ 6 ಮಿಲಿಮೀಟರ್, ಮೇಲೆ 5-6 ಸೆಂಟಿಮೀಟರ್. ಗಡ್ಡ ಬಿಟ್ಟರೆ ಕೆನ್ನೆಯಲ್ಲಿ ಗಿಡ್ಡ, ಗದ್ದದಲ್ಲಿ ಉದ್ದ.

ಇನ್ನು ಬಣ್ಣ. ತಿಳಿ ಬಣ್ಣ ಮುಂದಕ್ಕೆ ಬರುತ್ತೆ, ಕಡು ಬಣ್ಣ ಹಿಂದೆ ಸರಿಯುತ್ತೆ. ಹಾಗಾಗಿ ಕಿವಿಯಿಂದ ಕೆನ್ನೆವರೆಗಿನ ಪಕ್ಕಗಳನ್ನು ಕಡುವಾಗಿಯೇ ಬಿಟ್ಟು, ತಿಳಿಯನ್ನು ನೆತ್ತಿಗೂ ಗದ್ದದ ಕೆಳಗಿನ ತುದಿಗೂ ಕೊಡಬೇಕು. ಮುಖದ ಎರಡೂ ಪಕ್ಕ ದಪ್ಪನೆಯ ತಿಳಿ ಪಟ್ಟಿ ಬಿಡುವ ಈಗಿನ ಫ್ಯಾಷನ್ ಕೆನ್ನೆಗೆ ದೀಪ ಹಚ್ಚಿದ ಹಾಗೆ. ಆಸೆ ಇದ್ದರೆ ಆ ಪಟ್ಟಿ ದವಡೆಯ ಕೆಳಗೆ ಶುರುವಾಗಲಿ.

ಬಣ್ಣದ ಡಬ್ಬಿ ಮೇಲಿನ ಸಂಖ್ಯೆಯಲ್ಲಿ ಚುಕ್ಕಿಗೆ ಮುಂಚಿನದು ಮಟ್ಟ: 1 ಅಂದರೆ ಕಪ್ಪು, 10 ಅಂದರೆ ಅತಿ ತಿಳಿ ಹೊಂಬಣ್ಣ. ನಮ್ಮಲ್ಲಿ ಹೆಚ್ಚಿನವರ ಕೂದಲು 2 ಅಥವಾ 3. ಬಣ್ಣಕ್ಕೆ ಬೆರೆಸುವ ಡೆವಲಪರ್ 20 ವಾಲ್ಯೂಮ್‌ನದಾದರೆ, ಅಂದರೆ ಶೇ. 6 ಹೈಡ್ರೋಜನ್ ಪೆರಾಕ್ಸೈಡ್, ಒಂದೆರಡು ಮಟ್ಟ ಏರಿಸುತ್ತೆ, ಶೇ. 9ರ 30 ವಾಲ್ಯೂಮ್ ಎರಡು-ಮೂರು. ಕಪ್ಪು ಕೂದಲಿಗೆ 7ರ ಡಬ್ಬಿ ತಂದು ಹಚ್ಚಿ 'ಬಣ್ಣವೇ ಹಿಡಿಯಲಿಲ್ಲ' ಅನ್ನೋದು ಈ ಲೆಕ್ಕ ತಿಳಿಯದೆ. ಬ್ಲೀಚ್ ಇಲ್ಲದೆ 4, 5ರ ಕಂದು ಸಾಧ್ಯ, ಅದು ದುಂಡು ಮುಖಕ್ಕೆ ಸಾಕು ಕೂಡ. ಕಪ್ಪು ಏರುವಾಗ ಒಳಗಿನ ಕೆಂಪು-ಕಿತ್ತಳೆ ಹೊರಬರುತ್ತೆ, ಅದನ್ನು ತಣಿಸೋಕೆ ಬೂದಿ ಛಾಯೆ ಬೆರೆಸುತ್ತಾರೆ. ಹಿಂದೆ ಬಣ್ಣ ಹಚ್ಚಿದ ಕೂದಲನ್ನು ಇನ್ನೊಂದು ಬಣ್ಣ ತಿಳಿ ಮಾಡಲ್ಲ, ಬ್ಲೀಚೇ ಬೇಕು. ಮನೆಯಲ್ಲಿ ಹಚ್ಚುವವರು ಬುಡಕ್ಕೆ ಮೊದಲು ಹಚ್ಚಿಬಿಡುತ್ತಾರೆ. ತಲೆಯ ಶಾಖಕ್ಕೆ ಬುಡ ಬೇಗ ಏರಿ ಕೆಂಪಗಾಗುತ್ತೆ, ಉದ್ದ ಕಪ್ಪಾಗೇ ಉಳಿಯುತ್ತೆ. ಇದುವರೆಗೆ ಬಣ್ಣ ಕಾಣದ ಕೂದಲಿಗೆ ಮೊದಲು ಉದ್ದಕ್ಕೆ ಹಚ್ಚಿ, ಬುಡದ ಒಂದು ಬೆರಳಗಲ ಕೊನೆಗೆ. ಭುಜದವರೆಗಿನ ದಟ್ಟ ಕೂದಲಿಗೆ 60 ಗ್ರಾಮಿನ ಒಂದು ಟ್ಯೂಬ್ ಸಾಲಲ್ಲ, ಎರಡು ಇಟ್ಟುಕೊಂಡೇ ಕಲಸಿ.

ಗೋರಂಟಿ ಹಚ್ಚುವವರು ಪಾರ್ಲರ್‌ನಲ್ಲಿ ಅದನ್ನು ಮುಚ್ಚಿಡಬೇಡಿ. ಶುದ್ಧ ಗೋರಂಟಿ ಬ್ಲೀಚ್ ಮಾಡಿದರೆ ಕಿತ್ತಳೆಯಲ್ಲೇ ನಿಂತುಬಿಡುತ್ತೆ. ಕೆಲವು ಬೆರಕೆ ಪುಡಿಗಳಲ್ಲಿ ಲೋಹದ ಲವಣ ಇರುತ್ತೆ. ಅದಕ್ಕೆ ಪೆರಾಕ್ಸೈಡ್ ಸೇರಿದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಬಾಚಣಿಗೆಯಲ್ಲಿ ಉದುರಿದ ಹತ್ತಿಪ್ಪತ್ತು ಎಳೆಗಳನ್ನು ಗಾಜಿನ ಬಟ್ಟಲಲ್ಲಿ ಕಲಸಿದ ಬಣ್ಣದೊಳಗೆ ಅರ್ಧ ಗಂಟೆ ಬಿಡಿ. ಬಿಸಿಯಾದರೆ, ನೊರೆ ಬಂದರೆ, ಎಳೆ ಹಿಟ್ಟಾದರೆ ಆ ಕೂದಲು ಬೆಳೆದು ಕತ್ತರಿಸಿ ಹೋಗುವವರೆಗೂ ಬಣ್ಣದ ಮಾತು ಬಿಡಿ. 'ಕಪ್ಪು ಮೆಹಂದಿ' ಹೆಸರಿನಲ್ಲಿ ಬರುವ ಪುಡಿಗಳಲ್ಲಿ ಪಿಪಿಡಿ ಎಂಬ, ಅಲರ್ಜಿ ತರಬಲ್ಲ ಬಣ್ಣದ ರಾಸಾಯನಿಕ ಇರೋದೂ ಸಾಮಾನ್ಯ. ಡಬ್ಬಿಯ ಬಣ್ಣವಾಗಲಿ ಪುಡಿಯಾಗಲಿ, 48 ಗಂಟೆ ಮೊದಲು ಮೊಣಕೈ ಒಳಭಾಗದಲ್ಲಿ ಚುಕ್ಕಿಯಷ್ಟು ಹಚ್ಚಿ ನೋಡಿ. ತುರಿಕೆ, ಕೆಂಪು, ಊತ ಯಾವುದು ಕಂಡರೂ ತಲೆಗೆ ಬೇಡ.

ಕೂದಲು ತಿಂಗಳಿಗೆ ಒಂದೂಕಾಲು ಸೆಂಟಿಮೀಟರ್ ಹತ್ತಿರ ಬೆಳೆಯುತ್ತೆ. ನೆತ್ತಿಯ ತಿಳಿ ಎಳೆಗಳನ್ನು ಬುಡದಿಂದಲೇ ಶುರು ಮಾಡಿಸಿದರೆ ಎರಡು ತಿಂಗಳಿಗೆ ಬೈತಲೆಯಲ್ಲಿ ಗೆರೆ ಎದ್ದು ಕಾಣುತ್ತೆ. ಬುಡದಿಂದ 3 ಸೆಂಟಿಮೀಟರ್ ಬಿಟ್ಟು, ತೆಳು ಎಳೆಗಳಲ್ಲಿ ಹರಡಿಸಿ ಶುರು ಮಾಡಿ ಅಂತ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಉದ್ದವನ್ನು 'ಸ್ವಲ್ಪ' ಅನ್ನದೆ, ಒಣ ಕೂದಲಿನ ಮೇಲೆ ಬೆರಳಿಟ್ಟು ತೋರಿಸಿ.