ಮೂವತ್ತು ಪ್ರಬಂಧ, ಒಂದು ಗೋಡೆ ಕ್ಯಾಲೆಂಡರು

10 ಆಗಸ್ಟ್ 2025, ಭಾನುವಾರ
ಚಿಕ್ಕಮಗಳೂರು

ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿ ಮುಗೀತು. ಇವತ್ತು ಪುಟ್ಟಿಯನ್ನ ಕೂರಿಸಿಕೊಂಡು ಕಾಲೇಜು ಅರ್ಜಿಗಳಿಗೆ ಅವಳು ಬರೀಬೇಕಾದ ಪ್ರಬಂಧಗಳ ಲೆಕ್ಕ ಹಾಕಿದೆ. ಪುಟ್ಟಿ ನನ್ನ ಅಣ್ಣನ ಮಗಳು, ದ್ವಿತೀಯ ಪಿಯುಸಿ. ತೋಟದಿಂದ ದಿನಾ ಬಸ್ಸಲ್ಲಿ ಓಡಾಡೋದು ಆಗದ ಮಾತು ಅಂತ ನಮ್ಮನೇಲೇ ಇದ್ದು ಓದ್ತಿದ್ದಾಳೆ. ಅಮೆರಿಕ, ಇಂಗ್ಲೆಂಡ್ ಅಂತ ಹೊರಗಿನ ಕಾಲೇಜುಗಳ ಹುಚ್ಚು ಹಿಡಿದು ಒಂದು ವರ್ಷ ಆಯ್ತು. ಪಟ್ಟಿಯಲ್ಲಿ ಹದಿನಾಲ್ಕು ಹೆಸರಿತ್ತು.

"ಇಷ್ಟಕ್ಕೆಲ್ಲ ಎಷ್ಟು ಪ್ರಬಂಧ ಬರೀಬೇಕೇ?" ಅಂದೆ.

"ಒಂದೇ ಅತ್ತೆ. ಕಾಮನ್ ಆ್ಯಪ್‌ನಲ್ಲಿ ಬರೆದಿದ್ದು ಎಲ್ಲಾ ಕಡೆ ಹೋಗುತ್ತೆ."

ಅರ್ಧ ನಿಜ. ಕಾಮನ್ ಆ್ಯಪ್ ಅಂದರೆ ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕೋ ಆನ್‌ಲೈನ್ ವ್ಯವಸ್ಥೆ. 650 ಪದದ ಮುಖ್ಯ ಪ್ರಬಂಧ ಹೋಗುತ್ತೆ, ಸರಿ. ಅದರ ಬೆನ್ನಿಗೇ ಬಹಳಷ್ಟು ಕಾಲೇಜುಗಳು ತಮ್ಮದೇ ಸಣ್ಣ ಪ್ರಶ್ನೆ ಇಟ್ಟಿರ್ತಾವೆ: ನಮ್ಮಲ್ಲಿಗೇ ಯಾಕೆ, ಈ ವಿಷಯವೇ ಯಾಕೆ, ನೀನು ಬೆಳೆದ ಊರು ಎಂಥದ್ದು. ಎಂಐಟಿ ಆ ವ್ಯವಸ್ಥೆಯೊಳಗೇ ಇಲ್ಲ, ಅದರ ಅರ್ಜಿಯೇ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದೂ ಬೇರೆ. ಅಲ್ಲಿ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳ್ತಾರೆ, ಒಂದೊಂದಕ್ಕೂ 350 ಪದದ ಮಿತಿ. ಒಂದೊಂದೇ ಕಾಲೇಜಿನ ಪುಟ ತೆಗೆದು ಎಣಿಸ್ತಾ ಹೋದ್ವಿ. ಮೂವತ್ತು ದಾಟಿದ ಮೇಲೆ ಪುಟ್ಟಿಯೇ "ಸಾಕು ಬಿಡಿ ಅತ್ತೆ" ಅಂದಳು.

ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಬಂದೆ. ಅವಳು ಮೊದಲು ಗಡುವುಗಳಿಗೆ ಸುತ್ತು ಹಾಕೋಕೆ ಹೊರಟಳು. ತಡೆದೆ. ಗಡುವು ಎಲ್ಲೂ ಹೋಗಲ್ಲ. ಬರೆಯೋಕೆ ಆಗದ ದಿನಗಳನ್ನ ಮೊದಲು ಹೊಡೆದು ಹಾಕು ಅಂದೆ. ಗೌರಿ ಗಣೇಶ ಹಬ್ಬ. ಮಧ್ಯವಾರ್ಷಿಕ ಪರೀಕ್ಷೆ. ನರಕಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತದೆ ನಮ್ಮನೆಯವರು ಬಿಡೋರಲ್ಲ. ನವೆಂಬರಿಂದ ಅರೇಬಿಕಾ ಕೊಯ್ಲು, ಅದು ಮುಗಿಯೋ ಹೊತ್ತಿಗೆ ರೊಬಸ್ಟಾ. ಕೊಯ್ಲಿನ ಕಾಲದಲ್ಲಿ ತೋಟದ ಮನೆಗೆ ಹೋದವರು ಕಣದ ಕಾವಲು, ಆಳುಗಳ ಬಟವಾಡೆ ಅಂತ ಯಾವುದಕ್ಕಾದರೂ ಸಿಕ್ಕಿಹಾಕಿಕೊಳ್ಳಲೇಬೇಕು. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ಪಬ್ಲಿಕ್ ಪರೀಕ್ಷೆ. ಇಷ್ಟು ಹೊಡೆದ ಮೇಲೆ ಉಳಿದಿದ್ದು ಈ ಆಗಸ್ಟು, ಸೆಪ್ಟೆಂಬರಿನ ಅರ್ಧ, ದಸರಾ ರಜೆ. ಅಷ್ಟೇ.

ಆಮೇಲೆ ಗಡುವುಗಳು. ಬೇಗ ಹಾಕುವ ಅರ್ಜಿಗಳಿಗೆ ಹೆಚ್ಚಿನ ಕಡೆ ನವೆಂಬರ್ 1. ರಾಜ್ಯೋತ್ಸವದ ದಿನ! ಕಾಲೇಜಲ್ಲಿ ನಾಡಗೀತೆ ಹಾಡೋ ಗುಂಪಲ್ಲಿ ಮುಂದೆ ನಿಲ್ಲೋಳೇ ಇವಳು. ಮಾಮೂಲಿ ಅರ್ಜಿಗಳಿಗೆ ಜನವರಿ ಮೊದಲ ವಾರದ ಆಸುಪಾಸು. ರಾತ್ರಿ 11:59 ಅಂದರೆ ಅಲ್ಲಿಯ ಗಂಟೆ, ನಮಗೆ ಒಂಬತ್ತು-ಹತ್ತು ತಾಸು ಜಾಸ್ತಿ ಸಿಗುತ್ತೆ ಅಂತ ಲೆಕ್ಕ ಹಾಕಿದ್ದಳು. ಕಾಮನ್ ಆ್ಯಪ್‌ನಲ್ಲಿ ಅರ್ಜಿ ಹಾಕೋರ ಊರಿನ ಗಡಿಯಾರವೇ ಲೆಕ್ಕಕ್ಕೆ ಅಂತ ಓದಿ ತೋರಿಸಿದೆ. ಮುಖ ಸಪ್ಪಗಾಯ್ತು.

ಇದಕ್ಕಿಂತ ದೊಡ್ಡ ಗುಂಡಿ ಡಿಸೆಂಬರಲ್ಲಿದೆ. ನವೆಂಬರಲ್ಲಿ ಹಾಕಿದ ಅರ್ಜಿಗಳ ಫಲಿತಾಂಶ ಬರೋದು ಡಿಸೆಂಬರ್ ನಡುವೆ. "ಅಲ್ಲಿ ಸಿಕ್ಕರೆ ಉಳಿದಿದ್ದು ಬರೆಯೋದೇ ಬೇಡವಲ್ಲ" ಅನ್ನೋದು ಪುಟ್ಟಿಯ ವಾದ. ಸಿಗದಿದ್ದರೆ? ಅಳು, ಸಮಾಧಾನ, ಅದೂ ಇದೂ ಕಳೆದು ಕೈಯಲ್ಲಿ ಎರಡು ವಾರ, ಬರೆಯೋಕೆ ಇಪ್ಪತ್ತು ಪ್ರಬಂಧ. ಆ ಮನಸ್ಥಿತಿಯಲ್ಲಿ "ನಿಮ್ಮ ಕಾಲೇಜೇ ನನ್ನ ಕನಸು" ಅಂತ ಬರೆದರೆ ಓದೋರಿಗೆ ಗೊತ್ತಾಗಲ್ವಾ? ಜನವರಿ ಅರ್ಜಿಗಳ ಕರಡೆಲ್ಲ ನವೆಂಬರ್ ಕೊನೆಗೇ ಮುಗಿಸಿ ಇಡಬೇಕು, ಬಳಸದೆ ಬಿಸಾಡಿದರೂ ಪರವಾಗಿಲ್ಲ. ಈ ಒಂದು ವಿಷಯದಲ್ಲಿ ನಾನು ಜಗ್ಗಲಿಲ್ಲ.

ಮುಖ್ಯ ಪ್ರಬಂಧ ಮಾತ್ರ ಈ ತಿಂಗಳೇ. ಪಟ್ಟಿ ಚಿಕ್ಕದು ಮಾಡಿದ ಮೇಲೂ ಆರು ಕಡೆ ಕೆಲಸಕ್ಕೆ ಬರೋದು ಅದು. ಹೊರಗೆ ಹೀಗೆ ಸುರೀತಿರುವಾಗ ಬೇರೆ ಕೆಲಸವೂ ಇಲ್ಲ. ಕರೆಂಟ್ ಹೋದರೆ ಹಾಳೆ ಮೇಲೆ ಬರೀಲಿ. ಒಂದು ಕರಡು ಆಗಲೇ ಬರೆದಿದ್ದಾಳೆ. ವಿಷಯ ನಮ್ಮಪ್ಪನ, ಅಂದರೆ ಅವಳ ಅಜ್ಜನ, ಮಳೆ ಪುಸ್ತಕ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಳೆಮಾಪಕದ ನೀರನ್ನ ಅಳತೆ ಗಾಜಿಗೆ ಬಗ್ಗಿಸಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಬರೆದಿಡೋದು ತೋಟದೋರ ಮನೆಯಲ್ಲೆಲ್ಲ ಇದ್ದದ್ದೇ. ಪುಟ್ಟಿ ಶುರು ಮಾಡಿದ್ದು ಹವಾಮಾನ ಬದಲಾವಣೆ, ಮನುಕುಲದ ಭವಿಷ್ಯ ಅಂತ. ಎರಡನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಪುಸ್ತಕ ಬರೆದಿದ್ದು ಅಮ್ಮ. ಅಮ್ಮನಿಗೆ ಇಂಚು ಸೆಂಟು ಓದೋಕೆ ಬರ್ತಿರಲಿಲ್ಲ. ಆ ದಿನಗಳ ಎದುರಿಗೆ "ಜೋರು", "ಸಾಧಾರಣ", "ರಾತ್ರಿ ಮಾತ್ರ" ಅಂತಿದೆ. ಮುಂದೆ ವರ್ಷದ ಮೊತ್ತ ಕೂಡುವಾಗ ಅಪ್ಪ ಆ "ಜೋರು" ಎಷ್ಟಿರಬಹುದು ಅಂತ ಪಕ್ಕದ ತೋಟದವರನ್ನ ಕೇಳಿ ಪೆನ್ಸಿಲಲ್ಲಿ ಅಂಕಿ ತುಂಬಿದ್ದಾರೆ. ಅಂಕಿಶಾಸ್ತ್ರ ಓದ್ತೀನಿ ಅನ್ನೋ ಹುಡುಗಿಗೆ ಇದಕ್ಕಿಂತ ಬೇಕಾ? ಮನುಕುಲ ತೆಗಿ, ಇಲ್ಲಿಂದ ಶುರು ಮಾಡು ಅಂದೆ. ಇದೇ ಸರಕು ಸ್ವಲ್ಪ ತಿರುಗಿಸಿದರೆ "ಈ ವಿಷಯವೇ ಯಾಕೆ" ಅನ್ನೋದಕ್ಕೂ, "ಬೆಳೆದ ಊರು" ಅನ್ನೋದಕ್ಕೂ ಆಗುತ್ತೆ. ಒಂದೇ ಕಾಲೇಜಿನ ಎರಡು ಉತ್ತರದಲ್ಲಿ ಅಜ್ಜ ಬರದ ಹಾಗೆ ನೋಡಿಕೊಂಡರೆ ಸಾಕು.

"ನಿಮ್ಮ ಕಾಲೇಜೇ ಯಾಕೆ" ಅನ್ನೋದು ಮಾತ್ರ ಹೀಗೆ ಹೊಂದಿಸೋಕೆ ಬರಲ್ಲ. ಕಾಲೇಜಿನ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ನಡೆಯುತ್ತೆ ಅಂದರೆ ಅದು ಪ್ರಬಂಧವೇ ಅಲ್ಲ. ಅಲ್ಲಿಯ ಪಾಠಗಳು, ಕಲಿಸೋರು ಏನು ಕೆಲಸ ಮಾಡ್ತಿದ್ದಾರೆ, ಎಲ್ಲ ಓದಬೇಕು. ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ ಅಂತ ಸೆಪ್ಟೆಂಬರಿಗೂ ದಸರಾಕ್ಕೂ ಹಂಚಿದ್ವಿ. ಇಂಗ್ಲೆಂಡಿನದು ಇದರ ಮುಂದೆ ಹಗುರ. ಅಲ್ಲಿಯ ಕಾಲೇಜುಗಳಿಗೆ ಅರ್ಜಿ ಹೋಗೋದು ಯುಕ್ಯಾಸ್ ಅನ್ನೋ ಒಂದೇ ವ್ಯವಸ್ಥೆಯಿಂದ. ಯುಕ್ಯಾಸ್‌ನಲ್ಲಿ ಐದು ಆಯ್ಕೆಗೂ ಒಂದೇ ಹೇಳಿಕೆ, ಒಟ್ಟು 4,000 ಅಕ್ಷರ, ಈ ಸಲದಿಂದ ಅದನ್ನ ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಅಂದರೆ ಅಕ್ಟೋಬರ್ 15. ಅವು ಬೇಡ ಅಂತ ಅವಳೇ ಹೇಳಿದ್ದರಿಂದ ಜನವರಿ 14ರವರೆಗೆ ಸಮಯ ಇದೆ.

ಪಟ್ಟಿ ಕಡಿಮೆ ಮಾಡಿಸಿದ್ದು ದುಡ್ಡು. ಕ್ಯಾಲಿಫೋರ್ನಿಯಾದವರು ಹೊರದೇಶದ ಮಕ್ಕಳಿಗೆ ಮನೆಯ ಆದಾಯ ನೋಡಿ ನೆರವು ಕೊಡಲ್ಲ, ಹಾಗಾಗಿ ನಾಲ್ಕು ಪ್ರಬಂಧ ಒಂದೇ ಏಟಿಗೆ ಉಳೀತು. ನೆರವು ಕೇಳಿದ್ದಕ್ಕೆ ಪ್ರವೇಶಕ್ಕೆ ತೊಡಕಾಗದ ಎಂಐಟಿ, ಆ್ಯಮ್ಹರ್ಸ್ಟ್ ಥರದವು ಉಳಿದವು, ಸೀಟು ಸಿಗೋದು ಕಷ್ಟ ಅಂತ ಗೊತ್ತಿದ್ದೂ. ಸಿಕ್ಕರೆ ಸೇರಲೇಬೇಕು ಅನ್ನೋ ಅರ್ಲಿ ಡಿಸಿಷನ್ ಬೇಡ ಅಂತ ನಾನು. ನೆರವು ಸಾಲದಿದ್ದರೆ ಅದರಿಂದ ಹಿಂದೆ ಸರಿಯಬಹುದು, ನಿಜ. ಆದರೆ ನಾಲ್ಕು ಕಾಲೇಜಿನ ಪತ್ರ ಪಕ್ಕಪಕ್ಕ ಇಟ್ಟು ನೋಡೋ ಅವಕಾಶ ಹೋಗುತ್ತೆ. ಕಾಫಿ ರೇಟು ಈ ವರ್ಷದ ಹಾಗೇ ಮುಂದಿನ ವರ್ಷವೂ ಇರುತ್ತೆ ಅಂತ ಯಾವ ತೋಟದೋನು ಬರೆದುಕೊಟ್ಟಾನು? ಪುಟ್ಟಿಗೆ ಇದು ಹಿಡಿಸಿಲ್ಲ. "ಅಪ್ಪನ್ನ ಕೇಳ್ತೀನಿ" ಅಂದಿದ್ದಾಳೆ. ಕೇಳಲಿ.

ಲೆಕ್ಚರರ್‌ಗಳ ಶಿಫಾರಸು ಪತ್ರದ ಕೆಲಸ ಬಾಕಿ ಇದೆ. ನಾಳೆ ಪ್ರಿನ್ಸಿಪಾಲರನ್ನ ಕಂಡು ಬರಬೇಕು, ಅಂಕಪಟ್ಟಿಯನ್ನ ಆನ್‌ಲೈನಿನಲ್ಲಿ ಅವರೇ ಕಳಿಸಬೇಕಂತೆ. ಅಣ್ಣನಿಗೆ ಫೋನ್ ಮಾಡಿ ಮಳೆ ಪುಸ್ತಕಗಳನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಬಸ್ಸಿಗೆ ಹಾಕು ಅಂದರೆ, "ಅದೆಲ್ಲ ಬಸ್ಸಿಗೆ ಹಾಕೋ ವಸ್ತುವೇನೇ? ಗಣೇಶನ ಹಬ್ಬಕ್ಕೆ ನಾನೇ ತರ್ತೀನಿ" ಅಂದ.