ತಪಸ್ಸುಕಾಲಕ್ಕೊಂದು ಚುಕ್ಕಿಯ ಹರಕೆ

ಪಾಸ್ಕಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಸಂಜೆಯೇ ಲೆಕ್ಕ ಶುರುವಾಗುತ್ತದೆ: ಈ ಸಲ ಮಾಂಸ ಬಿಡುವುದೋ, ಸಿಹಿಯೋ, ಕಾಫಿಯೋ? ಕಥೋಲಿಕ ಧರ್ಮಸಭೆಯ ಕಟ್ಟಳೆಯಲ್ಲಿ ಉಪವಾಸ ಕಡ್ಡಾಯವಿರುವುದು ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಉಳಿದದ್ದೆಲ್ಲ ನಾವೇ ಹೊತ್ತುಕೊಳ್ಳುವ ಹರಕೆ. ಆದರೆ ಬಾಯೊಳಗೆ ಹೋಗುವುದಕ್ಕೆ ಇಷ್ಟೊಂದು ಕಾವಲು ಹಾಕುವ ನಾವು ಬಾಯಿಂದ ಹೊರಬೀಳುವುದನ್ನು ಎಣಿಸುವುದೇ ಇಲ್ಲ. ಮನುಷ್ಯನನ್ನು ಕೆಡಿಸುವುದು ಎರಡನೆಯದೇ ಎಂದು ಯೇಸುಸ್ವಾಮಿ ಹೇಳಿದ್ದನ್ನು ಕೇಳಿ ಕೇಳಿ ಕಿವಿ ಪಳಗಿಬಿಟ್ಟಿದೆ.

ಎಣಿಸುವ ವಿಧಾನವನ್ನು ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮೂರನೆಯ ಪೌಲ್ ಜಗದ್ಗುರುಗಳು (ಪೋಪ್) 1548ರಲ್ಲಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. ಆತ್ಮಶೋಧನೆಗೆ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ‘ಕೋಪ ಬಿಡುತ್ತೇನೆ’ ಎಂದರೆ ಮೂರನೇ ದಿನಕ್ಕೆ ಸೋಲು, ಏಕೆಂದರೆ ಅದನ್ನು ಎಣಿಸಲಾಗದು. ‘ಮನೆಗೆಲಸದವರು ತಡವಾಗಿ ಬಂದಾಗ ಚುಚ್ಚಿ ಮಾತಾಡುವುದಿಲ್ಲ’ ಎಂದರೆ ಎಣಿಸಬಹುದು.

ಬೆಳಿಗ್ಗೆ ಏಳುತ್ತಲೇ ಆ ಒಂದನ್ನು ನೆನೆದು ಎಚ್ಚರ ಕೇಳಿಕೊಳ್ಳಬೇಕು. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ, ಗಂಟೆ ಗಂಟೆಯಾಗಿ ದಿನವನ್ನು ಹಿಂತಿರುಗಿ ನೋಡಬೇಕು. ನೋಟ್‌ಬುಕ್ಕಿನಲ್ಲಿ ದಿನಕ್ಕೆರಡು ಗೆರೆ, ವಾರಕ್ಕೆ ಏಳು ಜೋಡಿ. ಎಷ್ಟು ಸಲ ತಪ್ಪಿದೆವೋ ಅಷ್ಟು ಚುಕ್ಕಿ. ಮೇಲಿನ ಗೆರೆಯನ್ನು ಕೆಳಗಿನದರೊಡನೆ, ನಿನ್ನೆಯನ್ನು ಇಂದಿನೊಡನೆ, ಕಳೆದ ವಾರವನ್ನು ಈ ವಾರದೊಡನೆ ಹೋಲಿಸಬೇಕು. ಮೊದಲ ವಾರ ಚುಕ್ಕಿ ಏರಿದರೆ ಗಾಬರಿ ಬೇಡ. ತಪ್ಪು ಹೆಚ್ಚಿಲ್ಲ, ಕಣ್ಣು ತೆರೆದಿದೆ. ಚುಕ್ಕಿಯೇ ಇಲ್ಲದ ಖಾಲಿ ಗೆರೆಯನ್ನು ಅನುಮಾನಿಸುವುದು ಮೇಲು.

ಇವೆಲ್ಲಕ್ಕಿಂತ ಹಿರಿದು ಕೈಯ ಕೆಲಸ. ತಪ್ಪಿದ ಆ ಗಳಿಗೆಯಲ್ಲೇ, ರಾತ್ರಿಗೆ ಕಾಯದೆ, ಎದೆಯ ಮೇಲೆ ಅಂಗೈ ಇಡಬೇಕು. ನಾಲ್ಕು ಜನರ ನಡುವೆ ಮಾಡಿದರೂ ಯಾರಿಗೂ ತಿಳಿಯದು ಎಂದು ಇಗ್ನೇಷಿಯಸರೇ ಧೈರ್ಯ ಹೇಳುತ್ತಾರೆ. ಚರ್ಚಿನ ಬಲಿಪೂಜೆಯ ಆರಂಭದಲ್ಲಿ ನಾವೆಲ್ಲ ಒಟ್ಟಾಗಿ ಎದೆ ತಟ್ಟಿಕೊಳ್ಳುತ್ತೇವಲ್ಲ, ಅದೇ ಕೈ ಸೋಮವಾರ ಆಫೀಸಿನ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಚೌಕಾಸಿಯ ನಡುವೆ, ಫೋನಿಟ್ಟ ಮರುಕ್ಷಣ ಎದೆಗೇರುತ್ತದೆ. ಅಂಗೈಯಡಿ ಗುಂಡಿಗೆ ಬಡಿಯುತ್ತಿರುತ್ತದೆ. ಯೇಸು ಹೇಳಿದ ಸಾಮತಿಯಲ್ಲಿ, ದೇವಾಲಯದಲ್ಲಿ ದೂರ ನಿಂತು, ತಲೆ ಎತ್ತಲಾರದೆ ಸುಂಕದವನು ಬಡಿದುಕೊಂಡದ್ದು ಈ ಎದೆಯನ್ನೇ. ಈಗ ಭಾನುವಾರದ ಪೂಜೆಯಲ್ಲೂ ಎಷ್ಟೋ ಕೈಗಳು ಬೆಂಚಿನ ಮೇಲೆ ಸುಮ್ಮನೆ ಬಿದ್ದಿರುತ್ತವೆ.

ರಾತ್ರಿಯದಕ್ಕೆ ಹದಿನೈದು ನಿಮಿಷ ಸಾಕು, ಆದರೆ ಹಾಸಿಗೆಯಲ್ಲಿ ಮಲಗಿ ಅಲ್ಲ, ನಿದ್ದೆ ಗೆಲ್ಲುತ್ತದೆ. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಆಮೇಲಷ್ಟೇ ಲೆಕ್ಕ, ಕ್ಷಮೆ, ನಾಳೆಯ ಸಂಕಲ್ಪ, ಕೊನೆಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪರಲೋಕ ಮಂತ್ರ. ಕೃತಜ್ಞತೆಯನ್ನು ಹಾರಿಸಿ ನೇರ ತಪ್ಪಿಗೆ ಬಂದವರು ಎರಡೇ ವಾರದಲ್ಲಿ ಕುಗ್ಗಿ ನೋಟ್‌ಬುಕ್ ಮುಚ್ಚುತ್ತಾರೆ. ‘ಎಲ್ಲದಕ್ಕೂ ಸ್ತೋತ್ರ’ ಎಂದು ಮುಗಿಸುವುದೂ ಹಾರಿಸಿದಂತೆಯೇ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟದ್ದು, ಜ್ವರ ಇಳಿದದ್ದು, ಹೀಗೆ ಹೆಸರು ಹಿಡಿದು ಹೇಳಬೇಕು. ಮಾತು ಯಾರನ್ನಾದರೂ ನೋಯಿಸಿದ್ದರೆ ಚುಕ್ಕಿಯಿಂದ ಅದು ತೀರದು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಯೇಸುಸ್ವಾಮಿಯ ಮಾತಿದೆ. ಮರುದಿನ ಬೆಳಿಗ್ಗೆ ಆ ಮನೆಯ ಬಾಗಿಲಿಗೇ ಹೋಗಬೇಕು.

ಬೂದಿ ಬುಧವಾರದಿಂದ ಪವಿತ್ರ ಶನಿವಾರಕ್ಕೆ 46 ದಿನ. ಆರು ಭಾನುವಾರ ಕಳೆದರೆ ನಲವತ್ತು. ಈ ಹರಕೆಗೆ ಮಾತ್ರ ಭಾನುವಾರದ ವಿನಾಯಿತಿ ಇಲ್ಲ, ನಾಲಿಗೆಗೂ ಅಂದು ರಜೆಯಿಲ್ಲವಷ್ಟೆ. ಪಾಸ್ಕಕ್ಕೆ ಮುಂಚೆ ಪಾಪನಿವೇದನೆಗೆ ಹೋಗುವಾಗ ಆರೂವರೆ ವಾರದ ಗೆರೆಗಳನ್ನು ಒಮ್ಮೆ ನೋಡಿಕೊಂಡು ಹೋಗಿ. ದಾರಿಯಲ್ಲಿ ನೋಟ್‌ಬುಕ್ ಯಾರ ಕೈಗೆ ಸಿಕ್ಕರೂ ಅಡ್ಡಿಯಿಲ್ಲ, ಅವರಿಗೆ ಕಾಣುವುದು ಬರೀ ಚುಕ್ಕಿ.