ತೋಟದ ಪಂಪು ಮತ್ತು ಕಳೆದುಹೋದ 16 ವೋಲ್ಟ್

ಫೆಬ್ರವರಿ: ತೋಟದ 1 ಎಚ್‌ಪಿ ಪಂಪು ಗುಂಯ್ ಅಂತದೆ, ಎಷ್ಟೋ ಸಲ ತಿರುಗೂದೇ ಇಲ್ಲ. "ಲೈನಲ್ಲೇ ವೋಲ್ಟೇಜ್ ಇಲ್ಲೆ" ಅನ್ನೋದು ಅಪ್ಪಯ್ಯನ ಹಳೇ ಮಾತು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕ ಇಟ್ಟುಕೊಂಡ ಜಿಲ್ಲೆಯಲ್ಲಿ ಇದು ಎಲ್ಲರ ಮಾತೂ ಹೌದು. ನಾನೂ ನಂಬಿದ್ದೆ. ಶಿರಸಿ ಪೇಟೆಯಿಂದ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ, ಇನ್ನೊಂದು ಪಕ್ಕದ ಮನೆಯದು.

ಮಾರ್ಚ್: ತಂಗಿ ಮೀಟರ್ ಬೋರ್ಡಿನ ಹತ್ತಿರ, ನಾನು ಪಂಪಿನ ಮನೆಯಲ್ಲಿ. ತೋಟದಲ್ಲಿ ಮೊಬೈಲ್ ಸಿಗೂದಿಲ್ಲ, ಕೂ ಹಾಕಿಯೇ ಲೆಕ್ಕ. ಪಂಪು ಓಡುವಾಗ ಮನೆಯಲ್ಲಿ 218, ನನ್ನ ಬಳಿ 187. ಅಂದರೆ 31 ವೋಲ್ಟ್ ನಮ್ಮದೇ ತೋಟದಲ್ಲಿ ಸೋರಿಹೋಗಿದೆ!

ವೈರು 4 ಚದರ ಮಿ.ಮೀ. ಅಲ್ಯೂಮಿನಿಯಂ, ಕಿಲೋಮೀಟರಿಗೆ ಸುಮಾರು 7.4 ಓಮ್. ದೂರ 150 ಮೀಟರ್, ಹೋಗಿ ಬರೋದು ಸೇರಿ 300. ಒಟ್ಟು 2.2 ಓಮ್. ಪಂಪು 7 ಆಂಪಿಯರ್ ಎಳೆದರೆ 15 ವೋಲ್ಟ್ ಹೋಗಬೇಕು. ಚಾಲೂ ಆಗುವ ಕ್ಷಣ ನಾಲ್ಕೈದು ಪಟ್ಟು ಎಳೆಯುವುದರಿಂದ ಆಗ ಇನ್ನೂ ಕೆಡುಕು. ವೋಲ್ಟೇಜ್ ಶೇ 30 ಇಳಿದರೆ ಮೋಟಾರಿನ ತಿರುಗುವ ಬಲ ಅರ್ಧವೇ ಆಗಿಬಿಡುತ್ತದೆ. ಅದೇ ಆ ಗುಂಯ್. ಆದರೆ ಉಳಿದ 16 ವೋಲ್ಟ್?

ಎರಡು ದಿನ ಹುಡುಕಿದೆ. ಸಿಕ್ಕಿದ್ದು ಹಲಸಿನ ಮರದ ಬುಡದ ಕಂಬದಲ್ಲಿ. ಮೇನ್ ಆಫ್ ಮಾಡಿ ಟೇಪು ಬಿಚ್ಚಿದರೆ ತಾಮ್ರದ ವೈರನ್ನು ಅಲ್ಯೂಮಿನಿಯಮ್ಮಿಗೆ ಸುಮ್ಮನೆ ತಿರುಚಿದ ಜಾಯಿಂಟು, ಮೇಲೆ ಬಿಳಿ ಪುಡಿ, ಪಕ್ಕ ಕರಕಲು. ನೂರಕ್ಕೂ ಹೆಚ್ಚು ವಾಟ್ ಅಲ್ಲೇ ಕೂತು ಬಿಸಿಯಾಗುತ್ತಿತ್ತು. ಮಲೆನಾಡಿನ ತೇವಕ್ಕೆ ಈ ಎರಡು ಲೋಹ ಜೊತೆಗೆ ಬಾಳೂದಿಲ್ಲ. ಹಾಕಿದ್ದು ಯಾರು? ನಾನೇ, ಕಾಲೇಜು ಓದುವಾಗ. ಅಪ್ಪಯ್ಯಂಗೆ ಇನ್ನೂ ಹೇಳಿಲ್ಲ.

ತಾಮ್ರ-ಅಲ್ಯೂಮಿನಿಯಂ ಜೋಡಿಸಲೆಂದೇ ಇರುವ ಬೈಮೆಟಲ್ ಕನೆಕ್ಟರ್ ಹಾಕಿದ ಮೇಲೆ ಪಂಪಿನಲ್ಲಿ 202.

ಮೇ: ಗುಡುಗು ಮಳೆಯ ರಾತ್ರಿ ಮನೆಯಲ್ಲೇ 112. ಪಕ್ಕದ ಮನೆಯಲ್ಲಿ ಮಾತ್ರ ಝಗಮಗ. ಫ್ರಿಜ್ಜಿನ ಪ್ಲಗ್ ತೆಗೆದೆ. ಟಿ.ಸಿ.ಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ, ಬರುವ 11 ಕೆ.ವಿ.ಯ ಮೂರು ತಂತಿಯಲ್ಲಿ ಒಂದು ಹೋದರೆ ಹೀಗೇ: ಒಂದು ಫೇಸಿನವರಿಗೆ ಪೂರ್ತಿ, ಉಳಿದೆರಡಕ್ಕೆ ಅರ್ಧರ್ಧ. ಈ ಸಲ ಲೈನ್‌ಮನ್ನಿಗೆ ಫೋನ್ ಮಾಡಿ "ಡಿಮ್ಮು" ಅನ್ನಲಿಲ್ಲ. "ಮೇಲಿನ ಒಂದು ಫ್ಯೂಸ್ ಹೋಗಿರಬೇಕು ನೋಡಿ" ಅಂದೆ. ಬೆಳಿಗ್ಗೆ ಬಂದವರು ನೇರ ಟಿ.ಸಿ. ಹತ್ತಿರವೇ ಹೋದರು. ಮುರಿದ ಟೊಂಗೆ ಇನ್ನೂ ಅಲ್ಲೇ ನೇತಾಡುತ್ತಿತ್ತು.

ಮುಂದೆ 10 ಚದರ ಮಿ.ಮೀ. ವೈರು ಎಳೆಯಬೇಕು. ಆಗ ವೈರಿನಲ್ಲಿ ಹೋಗುವ 15 ವೋಲ್ಟ್ ಆರೂವರೆ ಆಗುತ್ತದೆ. ದುಡ್ಡು ಅಡಿಕೆ ಕೊಟ್ಟ ಮೇಲೆ.